ಪೇಷಂಟಾಗಿ ಮಲಗಿದ ನರ್ಸು

ಮುದುಕಿಯ ಮೈ ತೊಳೆಯುವುದು ಕೆಂಪಾಜಮ್ಮನ ಕೆಲಸ. ಮುದುಕಿಯ ಕೊರಳಿನ ಬೆಳ್ಳಿ ಕರಡಿಗೆಯನ್ನು ಎತ್ತಿ ಹಿಡಿದುಕೊಳ್ಳುವುದು ಶಿವರಂಜನಿಯ ಕೆಲಸ. ಕರಡಿಗೆಯೊಳಗೆ ಲಿಂಗವಿದೆ. ಅದನ್ನು ಕೆಂಪಾಜಮ್ಮ ಮುಟ್ಟುವ ಹಾಗಿಲ್ಲ.

ಕೊಳ್ಳೇಗಾಲದಲ್ಲಿ ಡಾಕ್ಟರ್ ಬಸವಕುಮಾರರ ನರ್ಸಿಂಗ್ ಹೋಮ್ ಕೆಳಗೆ, ಮನೆ ಮೇಲೆ. ಮೇಲಿನ ಮನೆಯ ಹಿಂದಿನ ಕೋಣೆಯಲ್ಲಿ ಅವರ ತಾಯಿ ಪುಟ್ಟಮಲ್ಲಮ್ಮ ಲಕ್ವ ಹೊಡೆದು ಮಲಗಿದ್ದರು. ಬಲಭಾಗ ಬಿದ್ದುಹೋಗಿತ್ತು. ಮಾತೂ ಹೋಗಿತ್ತು. ಬೆಳಿಗ್ಗೆ ಕೆಂಪಾಜಮ್ಮ ಬಾಗಿಲು ತೆಗೆದರೆ ಮೊದಲು ವಾಸನೆ ಎದುರಾಗುತ್ತಿತ್ತು. ಅವಳು ಸೆರಗು ಬಿಗಿದು, ಮುದುಕಿಯನ್ನು ತನ್ನ ಎದೆಗೆ ಒರಗಿಸಿಕೊಂಡು ಮಗ್ಗುಲಿಗೆ ತಿರುಗಿಸುತ್ತಿದ್ದಳು. ಕೆಳಗಿನ ಬಟ್ಟೆ ಎಳೆಯುತ್ತಿದ್ದಳು. ಹೇಲು ಬಾಚುತ್ತಿದ್ದಳು. ಬಿಸಿನೀರಲ್ಲಿ ಒರೆಸಿ, ಬೆನ್ನಿಗೆ ಎಣ್ಣೆ ಹಚ್ಚಿ, ಪೌಡರು ಹಾಕುತ್ತಿದ್ದಳು. ಭಾರದ ಮೈ. ಎತ್ತಿ ಎತ್ತಿ ಅವಳ ಸೊಂಟ ಹಿಡಿದುಕೊಂಡಿತ್ತು.

ಅಷ್ಟು ಹೊತ್ತೂ ಶಿವರಂಜನಿ ತಲೆದೆಸೆಯಲ್ಲಿ ನಿಂತು, ಮೂಗನ್ನು ಇನ್ನೊಂದು ಕಡೆ ತಿರುಗಿಸಿ, ಕರಡಿಗೆಯನ್ನು ಎತ್ತರಕ್ಕೆ ಹಿಡಿದಿರುತ್ತಿದ್ದಳು. ನೀರು ಸಿಡಿಯಬಾರದು. ಕೆಂಪಾಜಮ್ಮನ ಕೈ ತಗುಲಬಾರದು.

"ಬೇಗ ಮಾಡು ಕಣೆ. ಕೈ ನೋಯ್ತದೆ," ಎನ್ನುತ್ತಿದ್ದಳು.

ಕೆಂಪಾಜಮ್ಮ ಉತ್ತರ ಕೊಡುತ್ತಿರಲಿಲ್ಲ. ಕೊಟ್ಟರೆ ಬಾಯಿಂದ ಏನು ಬರುತ್ತದೋ ಅವಳಿಗೇ ಗೊತ್ತಿರಲಿಲ್ಲ.

ಇಬ್ಬರೂ ಒಂದೇ ಕಾಲೇಜಿನಲ್ಲಿ ಜಿಎನ್‌ಎಂ ನರ್ಸಿಂಗ್ ಓದಿದವರು. ಒಂದೇ ಬೆಂಚು. ಒಂದೇ ಪರೀಕ್ಷೆ. ಪಾಸಾದದ್ದೂ ಒಟ್ಟಿಗೆ. ಶಿವರಂಜನಿ ಯಳಂದೂರಿನ ಕಡೆಯ ಜಮೀನುದಾರ ಪುಟ್ಟಮಲ್ಲಪ್ಪನ ಮಗಳು. ಡಾಕ್ಟರಿಗೆ ಅಕ್ಕನ ಮಗಳು. ಹಾಸಿಗೆ ಹಿಡಿದಿದ್ದ ಮುದುಕಿ ಅವಳ ಸ್ವಂತ ಅಜ್ಜಿ. ಕೆಂಪಾಜಮ್ಮ ಅಜ್ಜೀಪುರದ ಅಂಬೇಡ್ಕರ್ ಬೀದಿಯವಳು. ಅಷ್ಟು ಹೇಳಿದರೆ ಈ ಸೀಮೆಯಲ್ಲಿ ಇನ್ನೇನೂ ಕೇಳುವುದಿಲ್ಲ. ಅಪ್ಪ ಪುಟ್ಟಸಿದ್ದಯ್ಯ ಪಂಚಾಯ್ತಿಯ ನೀರುಗಂಟಿ. ತಾಯಿ ಅವಳು ಚಿಕ್ಕವಳಿದ್ದಾಗಲೇ ಹೋಗಿದ್ದಳು.

ಕೆಲಸ ಕೇಳಿಕೊಂಡು ಇಬ್ಬರೂ ಒಂದೇ ದಿನ ಡಾಕ್ಟರ ಮುಂದೆ ನಿಂತಿದ್ದರು. ಡಾಕ್ಟರು ಶಿವರಂಜನಿಗೆ, "ನೀನು ವಾರ್ಡ್ ನೋಡ್ಕೊಮ್ಮ," ಎಂದರು. ಕೆಂಪಾಜಮ್ಮನಿಗೆ, "ನೀನು ಸ್ವಲ್ಪ ದಿನ ಮೇಲೆ ಅಮ್ಮನ್ನ ನೋಡ್ಕೊ. ಆಮೇಲೆ ವಾರ್ಡಿಗೆ ಹಾಕ್ತೀನಿ," ಎಂದರು. ಮೂರು ವರ್ಷವಾಯಿತು. ಆ ಸ್ವಲ್ಪ ದಿನ ಮುಗಿದಿರಲಿಲ್ಲ. ಶಿವರಂಜನಿ ಬೆಳಿಗ್ಗೆ ಕರಡಿಗೆ ಹಿಡಿಯಲು ಮಾತ್ರ ಮೇಲೆ ಬರುತ್ತಿದ್ದಳು. ಕೆಳಗೆ ವಾರ್ಡಿನಲ್ಲಿ ರೋಗಿಗಳು ಅವಳನ್ನು ಸಿಸ್ಟರ್ ಎನ್ನುತ್ತಿದ್ದರು. ಕೆಂಪಾಜಮ್ಮನನ್ನು ಡಾಕ್ಟರ ಹೆಂಡತಿ "ಏ ಅಮ್ಮಿ" ಎಂದು ಕೂಗುತ್ತಿದ್ದರು. ಮನೆಯವರಿಗೆಲ್ಲ ಸ್ಟೀಲ್ ಲೋಟದಲ್ಲಿ ಕಾಫಿ. ಅವಳಿಗೆ ಕಾಗದದ ಲೋಟದಲ್ಲಿ. ಮುದುಕಿಯ ಮೈಯೆಲ್ಲ ಮುಟ್ಟುವ ಕೈ ಅಡುಗೆಮನೆಯ ಹೊಸಿಲಿನಲ್ಲಿ ನಿಂತುಬಿಡಬೇಕು.

ಕೆಂಪಾಜಮ್ಮನಿಗೆ ಡಾಕ್ಟರ ಮೇಲೆ ಸಿಟ್ಟಿತ್ತು. ಅವರ ಹೆಂಡತಿಯ ಮೇಲೆ ಸಿಟ್ಟಿತ್ತು. ಆದರೆ ಅವಳ ಹೊಟ್ಟೆ ಉರಿಯುತ್ತಿದ್ದದ್ದು ಶಿವರಂಜನಿಯನ್ನು ಕಂಡರೆ. ಅವಳ ಇಸ್ತ್ರಿ ಮಾಡಿದ ಬಿಳಿ ಕೋಟು ಕಂಡರೆ. ಅವಳ ಸ್ಕೂಟಿ ಕಂಡರೆ. ಸಂಜೆಯಾದರೂ ಬಾಡದ ಅವಳ ಮುಖ ಕಂಡರೆ. ಒಂದು ದಿನ ಶಿವರಂಜನಿ ಬಿಟ್ಟಿದ್ದ ಬಿಳಿ ಬೂಟುಗಳಲ್ಲಿ ಕೆಂಪಾಜಮ್ಮ ಕಾಲು ತೂರಿಸಿ ನೋಡಿದ್ದಳು. ಚಿಕ್ಕವಾದವು. ಆದರೂ ಬಲವಂತವಾಗಿ ತುರುಕಿಕೊಂಡು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಮುದುಕಿ ಮಲಗಿದಲ್ಲಿಂದಲೇ ನೋಡುತ್ತಿದ್ದರು. ಮಾತಿಲ್ಲದ ಮುದುಕಿ. ಯಾರಿಗೂ ಹೇಳುವಂತಿರಲಿಲ್ಲ. ಬೂಟು ಕಳಚುವಾಗ ಹಿಮ್ಮಡಿ ಸುಲಿದಿತ್ತು.

ಹೀಗಿರುವಾಗ ರಾಮಾಪುರದ ನಿಂಗರಾಜು ಬಂದ. ಬೆಂಗಳೂರಿನ ಕಂಪನಿಯೊಂದಕ್ಕೆ ನರ್ಸುಗಳನ್ನು ಹುಡುಕಿಕೊಡುವ ಕೆಲಸ ಅವನದು. ಜರ್ಮನಿಯಲ್ಲಿ ಮುದುಕರನ್ನು ನೋಡಿಕೊಳ್ಳುವ ದೊಡ್ಡ ಮನೆಗಳಿವೆಯಂತೆ. ಅಲ್ಲಿ ನೋಡಿಕೊಳ್ಳಲು ಜನರೇ ಇಲ್ಲವಂತೆ. ಆಯ್ಕೆಯಾದವರಿಗೆ ಕಂಪನಿಯೇ ಬೆಂಗಳೂರಿನಲ್ಲಿ ಇಟ್ಟುಕೊಂಡು ಭಾಷೆ ಕಲಿಸಿ, ವಿಮಾನ ಹತ್ತಿಸುತ್ತದಂತೆ. ನರ್ಸಿಂಗ್ ಓದಿರಬೇಕು. ಎರಡು ವರ್ಷ ಆಸ್ಪತ್ರೆಯಲ್ಲಿ ದುಡಿದಿರಬೇಕು. ದುಡಿದಿದ್ದಾರೆ ಎಂದು ಆಸ್ಪತ್ರೆಯ ಯಜಮಾನರು ಹೇಳಬೇಕು. ಅಷ್ಟೇ.

ಶಿವರಂಜನಿ ಹೋಗುವುದು ಅವತ್ತೇ ತೀರ್ಮಾನವಾಯಿತು. ಕೆಂಪಾಜಮ್ಮ ಮೆಟ್ಟಿಲ ಕೆಳಗೆ ಕಾದಿದ್ದು ನಿಂಗರಾಜುವನ್ನು ಹಿಡಿದಳು.

"ನಾನೂ ನರ್ಸಿಂಗ್ ಓದಿವ್ನಿ ಕಣಣ್ಣ. ಅವ್ಳ ಜೊತೇಲೇ. ನನ್ನೆಸ್ರೂ ಬರ್ಕೊ."

"ಬರ್ಕೊಳವ್ವ, ಅದಕ್ಕೇನಂತ? ಅಲ್ಲಿ ಜನ ಸಾಲ್ದು ಅಂತ ಬಡ್ಕೊತಾವ್ರೆ. ಡಾಕ್ಟ್ರು ಒಂದ್ಮಾತು ಯೋಳ್ಬುಟ್ರೆ ಆಯ್ತು."

ಅವನು ಅಲ್ಲಿಂದಲೇ ಹಿಂದಿರುಗಿ ಡಾಕ್ಟರನ್ನು ಕೇಳಿದ. ಕೆಂಪಾಜಮ್ಮ ಅವನ ಬೆನ್ನ ಹಿಂದೆಯೇ ನಿಂತಿದ್ದಳು. ಡಾಕ್ಟರು ಅವಳನ್ನು ನೋಡಿದರು. ಕನ್ನಡಕ ತೆಗೆದು ಒರೆಸಿದರು.

"ಅವಳು ಆಯಾ ಕಣಪ್ಪ," ಎಂದರು.

"ಸಾ, ನಾನು ನರ್ಸಿಂಗ್..."

"ಓದಿರಬಹುದಮ್ಮ. ನನ್ನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡಿಲ್ವಲ್ಲ. ಮನೇಲಿ ಅಮ್ಮನ್ನ ನೋಡ್ಕೊಂಡಿದ್ದೀಯ. ಸುಳ್ಳು ಹೇಳು ಅಂತೀಯಾ ನನ್ನ?"

"ಮ್ಯಾಲಕ್ಕ ಕಳ್ಸಿದ್ದು ನೀವೇ ಅಲ್ವಾ ಸಾ?"

ಡಾಕ್ಟರು ದನಿ ತಗ್ಗಿಸಿದರು. ಪ್ರೀತಿಯಿಂದಲೇ ಮಾತಾಡಿದರು. "ನೀನೂ ಹೋಗಿಬಿಟ್ರೆ ಅಮ್ಮನ್ನ ಯಾರು ನೋಡ್ತಾರೆ, ಹೇಳು? ನಿನ್ನ ಕೈ ಬಿಟ್ರೆ ಅವರು ಯಾರ ಕೈಗೂ ಒಗ್ಗಲ್ಲ."

ಕೆಂಪಾಜಮ್ಮ ಅಂದು ಅಜ್ಜೀಪುರದ ಬಸ್ಸಿನಲ್ಲಿ ನಿಂತೇ ಬಂದಳು. ಬಸ್ಸಿನ ತುಂಬ ಮಾದಪ್ಪನ ಬೆಟ್ಟದ ಜಾತ್ರೆಗೆ ಹೋಗುವ ಪರಸೆಯವರು. ಹಿಂದಿನ ಸೀಟಿನಿಂದ ಯಾರೋ ಉಘೇ ಎಂದರೆ ಬಸ್ಸೆಲ್ಲ ಮಾದಪ್ಪನಿಗೆ ಉಘೇ ಎನ್ನುತ್ತಿತ್ತು. ಅವಳೂ ಕಣ್ಣು ಮುಚ್ಚಿ ಬೇಡಿಕೊಂಡಳು. ನಂಗೆ ಸಿಕ್ಕಲಿ ಎಂದು ಬೇಡಲಿಲ್ಲ. ಶಿವರಂಜನಿಗೆ ಸಿಕ್ಕದೆ ಹೋಗಲಿ ಎಂದು ಬೇಡಿದಳು. ಬೇಡಿದ ಮೇಲೆ ನಾಚಿಕೆಯಾಯಿತು. ಆದರೂ ಬೇಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಇಂಟರ್‌ವ್ಯೂ ಲ್ಯಾಪ್‌ಟಾಪಿನಲ್ಲಿ. ಹಾಸಿಗೆ ಹಿಡಿದವರನ್ನು ಹುಡುಗಿ ಹೇಗೆ ನೋಡಿಕೊಳ್ಳುತ್ತಾಳೆ ಎಂಬುದನ್ನು ಜರ್ಮನಿಯ ಆ ಮನೆಯ ಹೆಡ್ ನರ್ಸು ಕಣ್ಣಾರೆ ಕಾಣಬೇಕಂತೆ. ಮೈ ಒರೆಸಿ ತೋರಿಸಬೇಕು. ಬಟ್ಟೆ ಬದಲಿಸಿ ತೋರಿಸಬೇಕು.

"ಅಮ್ಮಾವ್ರನ್ನೇ ತೋರ್ಸುದ್ರಾಯ್ತಲ್ಲ ಸಾ," ಎಂದ ನಿಂಗರಾಜು.

ಡಾಕ್ಟರ ಮುಖ ಕೆಂಪಾಯಿತು. "ಏನ್ ಮಾತಾಡ್ತೀಯಯ್ಯ? ನಮ್ಮ ತಾಯಿ ಮೈಯನ್ನ ಬಿಚ್ಚಿ ಪರದೇಶದವರಿಗೆ ತೋರಿಸ್ಲಾ?"

ನಿಂಗರಾಜು ನಾಲಿಗೆ ಕಚ್ಚಿಕೊಂಡ. ಡಾಕ್ಟರು ಸ್ವಲ್ಪ ಯೋಚಿಸಿದರು. ಆಮೇಲೆ ಕೆಂಪಾಜಮ್ಮನ ಕಡೆ ತಿರುಗಿದರು.

"ನೀನು ಮಲಗಮ್ಮ. ಪೇಷಂಟ್ ಥರ. ಸ್ವಲ್ಪ ಹೊತ್ತು ಅಷ್ಟೆ. ಈ ಸಲ ನಮ್ಮ ಹುಡುಗಿ ಹೋಗಲಿ, ಮುಂದಿನ ಸಲ ನಿನ್ನ ವಿಷಯ ನೋಡೋಣ."

ಬಿಚ್ಚಿ ತೋರಿಸಬಾರದ ಮೈ ಒಂದು. ಬಿಚ್ಚಿ ತೋರಿಸಬಹುದಾದ ಮೈ ಇನ್ನೊಂದು. ಕೆಂಪಾಜಮ್ಮನಿಗೆ ಅದು ತಿಳಿಯದೆ ಇರಲಿಲ್ಲ. ಆದರೂ ಒಪ್ಪಿದಳು. ಮುಂದಿನ ಸಲ ಎಂಬ ಮಾತನ್ನು ನಂಬಿ ಒಪ್ಪಿದಳು. ಇನ್ನೊಂದು ಕಾರಣವೂ ಇತ್ತು. ಶಿವರಂಜನಿ ಯಾವ ಬಾಗಿಲಿನಿಂದ ಹೋಗುತ್ತಾಳೆ ಎಂದು ಕಣ್ಣಿಂದ ನೋಡಬೇಕಿತ್ತು. ನೋಡದೆ ಇರಲು ಅವಳಿಂದ ಆಗುತ್ತಿರಲಿಲ್ಲ.

ಕೆಳಗಿನ ಸ್ಪೆಷಲ್ ವಾರ್ಡಿನಲ್ಲಿ ಅವಳಿಗೆ ರೋಗಿಗಳ ಹಸಿರು ಗೌನು ತೊಡಿಸಿ ಮಲಗಿಸಿದರು. ಸ್ಟೂಲಿನ ಮೇಲೆ ಲ್ಯಾಪ್‌ಟಾಪ್. ನಿಂಗರಾಜು ಅದರ ಕಣ್ಣನ್ನು ಮಂಚದ ಕಡೆ ತಿರುಗಿಸಿದ. ಶಿವರಂಜನಿ ಹೊಸ ಕೋಟು ತೊಟ್ಟು, ಕೈಗೆ ಗ್ಲೌಸು ಹಾಕಿ ನಿಂತಿದ್ದಳು. ಅವಳ ಮೇಲ್ದುಟಿ ಬೆವರಿತ್ತು.

ಡಾಕ್ಟರು ಬಗ್ಗಿ ಕೆಂಪಾಜಮ್ಮನಿಗೆ ಹೇಳಿದರು. "ಅಮ್ಮನ ಥರ ಇರು. ಬಲಗೈ ಬಲಗಾಲು ಅಲ್ಲಾಡಿಸಬೇಡ. ಮಾತಾಡಬೇಡ."

ಪರದೆಯ ಮೇಲೆ ಇಬ್ಬರು ಹೆಂಗಸರು ಕಂಡರು. ಒಬ್ಬಳು ಕತ್ತರಿಸಿದ ನರೆಗೂದಲಿನ ಬಿಳಿಯ ಹೆಂಗಸು. ಇನ್ನೊಬ್ಬಳು ಕಂಪನಿಯ ಬೆಂಗಳೂರು ಆಫೀಸಿನವಳು. ಜರ್ಮನ್ ಮಾತನ್ನು ಕನ್ನಡಕ್ಕೆ ತಿರುಗಿಸುವವಳು. ನಮಸ್ಕಾರಗಳಾದವು. ಶಿವರಂಜನಿ ತನ್ನ ಹೆಸರು, ಊರು, ಓದು ಹೇಳಿದಳು. ಮೂರು ವರ್ಷದಿಂದ ಲಕ್ವದ ರೋಗಿಗಳನ್ನು ನೋಡಿಕೊಳ್ಳುತ್ತಿದ್ದೇನೆ ಎಂದಳು. ಮಲಗಿದ್ದ ಕೆಂಪಾಜಮ್ಮನಿಗೆ ತನ್ನ ಮೂರು ವರ್ಷಗಳು ಇನ್ನೊಬ್ಬಳ ಬಾಯಿಂದ ಹೊರಬಂದದ್ದು ಕೇಳಿಸಿತು. ಬೆಳಗಿನ ವಾಸನೆ, ಸೊಂಟದ ನೋವು, ಬೆನ್ನಿಗೆ ಹಚ್ಚಿದ ಎಣ್ಣೆ, ಎಲ್ಲವೂ ಶಿವರಂಜನಿಯದಾಯಿತು. ಆದರೂ ಬಲಗೈ ಬಲಗಾಲು ಅಲ್ಲಾಡಿಸದೆ ಸುಮ್ಮನೆ ಮಲಗಿದಳು.

ಶಿವರಂಜನಿ ಒದ್ದೆ ಬಟ್ಟೆ ಹಿಂಡಿ ಅವಳ ಮುಖ ಒರೆಸಿದಳು. ಕತ್ತು ಒರೆಸಿದಳು. ಕೈ ಎತ್ತಿ ಕಂಕುಳ ಹತ್ತಿರ ಬಂದಾಗ ಒಂದು ಗಳಿಗೆ ನಿಂತಳು. ಆಮೇಲೆ ಒರೆಸಿದಳು. ನೀರು ಬೆಚ್ಚಗಿತ್ತು. ತಾಯಿ ಹೋದ ಮೇಲೆ ಕೆಂಪಾಜಮ್ಮನ ಮೈಯನ್ನು ಇನ್ನೊಬ್ಬರು ಒರೆಸಿದ್ದು ಇದೇ ಮೊದಲು. ಹಾಳು ಮೈ, ಅದಕ್ಕೆ ಸುಖವಾಯಿತು. ಕಣ್ಣಲ್ಲಿ ನೀರು ಬಂತು. ಒಂದೇ ಬೆಂಚಿನಲ್ಲಿ ಕೂತು ಓದುವಾಗಲೂ ಇವಳ ಮೊಣಕೈ ತನಗೆ ತಾಗಿರಲಿಲ್ಲವಲ್ಲ ಎನ್ನಿಸಿತು. ಈಗ ತಾಗಿತು. ಜರ್ಮನಿಗೆ ಹೋಗಬೇಕಾಗಿ ಬಂದದ್ದರಿಂದ ತಾಗಿತು.

ಪರದೆಯ ಹೆಂಗಸು ತಲೆಯಾಡಿಸಿ ಏನೋ ಹೇಳಿದಳು. ಬೆಂಗಳೂರಿನವಳು ಕನ್ನಡದಲ್ಲಿ ಹೇಳಿದಳು: "ಚೆನ್ನಾಗಿದೆ ಅಂತಿದ್ದಾರೆ. ಈಗ ಕಾಲು ತೊಳೆದು ತೋರಿಸಿ. ಬೆರಳಿನ ಸಂದಿ ಎಲ್ಲ."

ಶಿವರಂಜನಿ ಬಟ್ಟೆಯನ್ನು ನೀರಿಗೆ ಅದ್ದಿದಳು. ಹಿಂಡಿದಳು. ಮತ್ತೆ ಅದ್ದಿದಳು. ಮಾವನ ಮುಖ ನೋಡಿದಳು.

ಡಾಕ್ಟರು ಮಂಚದ ಹತ್ತಿರ ಬಂದರು. "ಕಾಲು ಬೇಡ ಬಿಡಮ್ಮ," ಎಂದರು. ಆಮೇಲೆ ಪರದೆಯ ಕಡೆ ತಿರುಗಿ ನಗುತ್ತಾ, "ಕಾಲು ಬೆಳಿಗ್ಗೆನೇ ಆಗಿದೆ ಮೇಡಂ. ಬಟ್ಟೆ ಬದಲಾಯಿಸೋದು ತೋರಿಸ್ತಾಳೆ," ಎಂದರು.

"ಇಲ್ಲ ಡಾಕ್ಟರ್, ಅವರಿಗೆ ಕಾಲನ್ನೇ ನೋಡಬೇಕಂತೆ. ಮುದುಕರಿಗೆ ಕಾಲಿನ ಹುಣ್ಣೇ ಜಾಸ್ತಿ, ಅದಕ್ಕೆ ಅಂತಿದ್ದಾರೆ."

ನಿಂಗರಾಜು ಗೋಡೆ ನೋಡಿದ. ಡಾಕ್ಟರು ಮೆಲ್ಲಗೆ, ಮನೆಯವರ ನಡುವಿನ ದನಿಯಲ್ಲಿ ಹೇಳಿದರು. "ಬೇಡ ಮಗಳೆ. ನಮ್ಮ ಮನೆ ಹೆಣ್ಣುಮಗಳು ನೀನು. ಇವಳ ಕಾಲು ಹಿಡಿಯೋದು ಬೇಡ."

ಮೆಲ್ಲಗೆ ಹೇಳಿದರು. ಆದರೆ ಕೆಂಪಾಜಮ್ಮನ ಕಿವಿಗೆ ಲಕ್ವ ಹೊಡೆದಿರಲಿಲ್ಲ.

ಸತ್ತಂತೆ ಬಿದ್ದಿದ್ದ ಬಲಗಾಲನ್ನು ಅವಳು ಎತ್ತಿದಳು. ನೆಟ್ಟಗೆ ಎತ್ತಿ ಶಿವರಂಜನಿಯ ಎದೆಯ ಮಟ್ಟಕ್ಕೆ ಹಿಡಿದಳು.

"ತೊಳಿ," ಎಂದಳು.

ಶಿವರಂಜನಿ ಹಿಂದಕ್ಕೆ ಸರಿದಳು.

"ತೊಳಿ ಕಣಮ್ಮಿ. ನಿಮ್ಮಜ್ಜಿ ಕಾಲ ನಾನು ದಿನಾ ತೊಳ್ದಿಲ್ವಾ? ಕಾಲೊಂದೇಯಾ ತೊಳ್ದಿರದು? ಆಗ ನೀನು ಎಲ್ ನಿಂತಿದ್ದೆ ಯೋಳು ಅವ್ರ್ಗ."

"ಏಯ್, ಮಲಗೇ!" ಡಾಕ್ಟರು ಗದರಿದರು.

ಕೆಂಪಾಜಮ್ಮ ಎದ್ದು ಕೂತಳು. ಗೌನು ಒದ್ದೆಯಾಗಿ ಮೈಗೆ ಅಂಟಿತ್ತು. ಅದನ್ನು ಸರಿಮಾಡಿಕೊಳ್ಳಲಿಲ್ಲ. ಪರದೆಯ ಹೆಂಗಸನ್ನು ನೇರವಾಗಿ ನೋಡಿದಳು.

"ಮೇಡಂ, ನಾನು ಪೇಷಂಟಲ್ಲ. ನಂಗ ಲಕ್ವ ಹೊಡ್ದಿಲ್ಲ. ನಾನೂ ನರ್ಸು. ಇವ್ಳ ಜೊತೇಲಿ ಓದ್ದೋಳು. ಇವ್ಳು ಈಗ ಯೋಳಿದ್ಲಲ್ಲ ಮೂರ್ ವರ್ಷದ ಕೆಲ್ಸ, ಅದು ನಂದು. ನನ್ನ ಕೆಲ್ಸಕ್ಕ ನನ್ನೇ ಕರ್ಕೊಳಿ. ನನ್ನೆಸ್ರು ಕೆಂಪಾ..."

ಡಾಕ್ಟರು ಲ್ಯಾಪ್‌ಟಾಪನ್ನು ಮಡಚಿಬಿಟ್ಟರು. ಅವಳ ಹೆಸರು ಅರ್ಧಕ್ಕೆ ನಿಂತಿತು.

ಶಿವರಂಜನಿ ಮುಖ ಮುಚ್ಚಿಕೊಂಡು ಅಳತೊಡಗಿದಳು. "ನಾನೇನೇ ಮಾಡ್ದೆ ನಿಂಗೆ? ನಾನೇನ್ ಮಾಡ್ದೆ?"

ಡಾಕ್ಟರು ಕೆಂಪಾಜಮ್ಮನ ಕಡೆ ತಿರುಗಿದರು. "ಮನೆಯವಳ ಥರ ನೋಡ್ಕೊಂಡ್ವಲ್ಲೇ ನಿನ್ನ. ಒಂದು ಹೆಣ್ಣುಮಗಳ ಬಾಳು ಹಾಳು ಮಾಡ್ತೀಯಲ್ಲ, ಏನ್ ಬಂತು ನಿಂಗೆ? ಹೊಟ್ಟೆಕಿಚ್ಚು! ಬರೀ ಹೊಟ್ಟೆಕಿಚ್ಚು!"

"ಊಂ ಸಾ. ಹೊಟ್ಟೆಕಿಚ್ಚೇಯ," ಎಂದಳು ಕೆಂಪಾಜಮ್ಮ. "ಅವ್ಳ ಕೋಟ್ ಕಂಡ್ರ ಕಿಚ್ಚು. ಅವ್ಳ ಬೂಟ್ ಕಂಡ್ರ ಕಿಚ್ಚು. ಅವ್ಳು ಓಗದ ಕಂಡ್ರ ಕಿಚ್ಚು. ನಂಗ್ಯಾಕ ಬರ್ಬಾರ್ದು ಕಿಚ್ಚು? ನಾನು ಓದ್ಲಿಲ್ವಾ? ನಾನು ಮನ್ಸಿ ಅಲ್ವಾ?"

"ಇನ್ನೊಂದು ಗಳಿಗೆ ನನ್ನ ಕಣ್ಮುಂದೆ ಇರಬೇಡ."

"ಇರದಿಲ್ಲ ಬುಡಿ."

ಅವಳು ಆ ಒದ್ದೆ ಗೌನಿನಲ್ಲೇ ಹೊರಗೆ ಬಂದಳು. ಚೀಟಿ ಹಿಡಿದು ಕೂತಿದ್ದ ರೋಗಿಗಳು ಅವಳನ್ನು ನೋಡಿ ದಾರಿ ಬಿಟ್ಟರು. ಬಟ್ಟೆ ಬದಲಿಸಲು ಮಹಡಿಗೆ ಹೋದಳು. ಕೋಣೆಯಲ್ಲಿ ಮುದುಕಿ ಎಚ್ಚರವಿದ್ದರು. ಹಾಸಿಗೆ ಒದ್ದೆಯಾಗಿತ್ತು. ಮುದುಕಿಯ ಎಡಗೈ ರೂಢಿಯಂತೆ ಅವಳ ಕಡೆಗೆ ಚಾಚಿತು. ಕೆಂಪಾಜಮ್ಮ ಆ ಕೈಯನ್ನು ನೋಡಿದಳು. ತನ್ನ ಸೀರೆ ಉಟ್ಟಳು. ಗೌನನ್ನು ಅಲ್ಲೇ ಬಿಟ್ಟಳು. ಹಾಸಿಗೆ ಮುಟ್ಟದೆ ಮೆಟ್ಟಿಲು ಇಳಿದಳು. ಮೂರು ವರ್ಷದಲ್ಲಿ ಆ ಮುದುಕಿಯನ್ನು ಒದ್ದೆಯಲ್ಲಿ ಬಿಟ್ಟು ಬಂದದ್ದು ಅಂದೇ.

ಕೆಂಪಾಜಮ್ಮನಿಗೆ ಆದದ್ದು ಇಷ್ಟು. ಶಿವರಂಜನಿಗೆ ಏನೂ ಆಗಲಿಲ್ಲ. ಆ ಪೇಷಂಟಿಗೆ ತಲೆ ಸರಿಯಿರಲಿಲ್ಲ ಎಂದು ಡಾಕ್ಟರು ನಂಬಿಸಿದ್ದರು; ಒಂದು ವಾರ ಬಿಟ್ಟು ಕಂಪನಿಯವರು ಮತ್ತೆ ಇಂಟರ್‌ವ್ಯೂ ಮಾಡಿದರು. ಈ ಸಲ ಡಾಕ್ಟರ ನೆಂಟರ ಹುಡುಗಿಯೇ ಪೇಷಂಟಾಗಿ ಮಲಗಿದಳು. ಶಿವರಂಜನಿ ಆ ಹುಡುಗಿಯ ಕಾಲನ್ನು ಬೆರಳ ಸಂದಿಯೆಲ್ಲ ಚೆನ್ನಾಗಿ ತೊಳೆದು ತೋರಿಸಿದಳು. ಆಯ್ಕೆಯಾಯಿತು. ಭಾಷೆ ಕಲಿಯಲು ಬೆಂಗಳೂರಿಗೆ ಹೋದಳು. ಅಜ್ಜೀಪುರದ ಬಸ್ ನಿಲ್ದಾಣದಲ್ಲಿ ಸಿಕ್ಕ ನಿಂಗರಾಜು ಇದನ್ನೆಲ್ಲ ಹೇಳಿದ. "ನೀನು ಅವತ್ತು ಸುಮ್ನ ಮಲ್ಗಿದ್ರ ಮುಂದ್ಕ ಏನಾರ ಆಗದು ಕಣವ್ವ," ಎಂದು ಮರುಗಿದ.

ಅಂದು ಕೆಂಪಾಜಮ್ಮ ಉಣ್ಣಲಿಲ್ಲ. ಅಪ್ಪ ತಟ್ಟೆ ಮುಂದಿಟ್ಟುಕೊಂಡು, "ಓಗದಾದ್ರ ಓಗ್ಲಿ ಬುಡವ್ವ, ಅವ್ರ ಹಣೇಲಿ ಬರ್ದದ," ಎಂದ.

"ಅವ್ಳ ಹಣೇಲಿ ಬರ್ದಿರದು ನನ್ ಬೆವ್ರಲ್ಲಿ ಕಣಪ್ಪ," ಎಂದು ತಟ್ಟೆ ತಳ್ಳಿದಳು.

ತಿಂಗಳು ಕಳೆಯುವುದರೊಳಗೆ ಡಾಕ್ಟರ ಕಾರು ಅಜ್ಜೀಪುರಕ್ಕೆ ಬಂತು. ಬೀದಿಯ ಬಾಯಲ್ಲೇ ನಿಂತಿತು. ಡಾಕ್ಟರು ಇಳಿದು ನಡೆದು ಬಂದರು. ಬೀದಿಯ ಜನ ಬಾಗಿಲಿಗೆ ಬಂದರು. ಪುಟ್ಟಸಿದ್ದಯ್ಯ ಹೆಗಲ ಟವೆಲನ್ನು ಕಂಕುಳಿಗೆ ಇಳಿಸಿ, ಕುರ್ಚಿ ತರಲು ಒಳಗೆ ಓಡಿದ. ಡಾಕ್ಟರು ಕೂರಲಿಲ್ಲ. ಅವರ ಕಣ್ಣು ಗುಳಿಬಿದ್ದಿತ್ತು.

"ಅಮ್ಮನಿಗೆ ಬೆನ್ನಲ್ಲಿ ಹುಣ್ಣಾಗಿದೆ," ಎಂದರು. "ಇಬ್ಬರು ಆಯಾಗಳು ಬಂದ್ರು, ಓಡಿಹೋದ್ರು. ಬೇರೆಯವರು ಮುಟ್ಟಿದ್ರೆ ಅಮ್ಮ ಕಿರುಚಿಕೊಳ್ತಾರೆ. ಆಗಿದ್ದೆಲ್ಲ ಮರೆತುಬಿಡು. ಬಾ."

ಕೆಂಪಾಜಮ್ಮನ ಕಣ್ಣಿಗೆ ಆ ಬೆನ್ನು ಕಟ್ಟಿತು. ಎಲ್ಲಿ ಹುಣ್ಣಾಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ನಾನು ನರ್ಸು ಅಂತ ಯೋಳ್ತೀರಾ ಸಾ? ಕಂಪನಿಯೋರ್ಗ?"

ಡಾಕ್ಟರು ಸುತ್ತ ನಿಂತವರನ್ನು ನೋಡಿದರು. "ಹೇಳ್ತೀನಿ. ಅಮ್ಮ ಇನ್ನೆಷ್ಟು ದಿನ ಇರ್ತಾರೆ? ಅವರಿರೋವರೆಗೂ ನೋಡ್ಕೊ. ಅವರು ಹೋದ ಮೇಲೆ ನಾನೇ ಕಂಪನಿಗೆ ಹೇಳಿ ನಿನ್ನ ಕಳಿಸ್ತೀನಿ. ಮಾತು ಕೊಡ್ತೀನಿ."

ಪುಟ್ಟಸಿದ್ದಯ್ಯ ಮಗಳ ಕಡೆ ಆಸೆಯಿಂದ ನೋಡಿದ. ಬೀದಿಯವರೂ ಒಪ್ಪಿಕೋ ಎಂಬಂತೆ ನೋಡಿದರು. ಕೆಂಪಾಜಮ್ಮನ ಮನಸ್ಸು ಆ ಕೋಣೆಗೆ ಹೋಗಿ ಬಂತು. ಬೆಳಿಗ್ಗೆ ಬಾಗಿಲು ತೆಗೆಯುವುದು. ಉಸಿರಿದೆಯೋ ಇಲ್ಲವೋ ಎಂದು ನೋಡುವುದು. ಇದೆ ಎಂದು ಬೇಸರಪಡುವುದು. ಶಿವರಂಜನಿಯ ಮೇಲಿನ ಹೊಟ್ಟೆಕಿಚ್ಚಿಗೆ, ಮಾತಿಲ್ಲದ ಒಂದು ಮುದುಕಿಯ ಸಾವನ್ನು ದಿನಾ ಬೇಡಿಕೊಳ್ಳುವುದು. ತನ್ನಿಂದ ಅದು ಆಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆಗುತ್ತದೆ ಎಂಬುದಕ್ಕೇ ಹೆದರಿದಳು.

"ಇಲ್ಲ ಸಾ," ಎಂದಳು. "ಅಮ್ಮಾವ್ರು ಸಾಯದ ಕಾಯ್ಕೊಂಡು ಅವ್ರ ಮೈ ತೊಳ್ಯಕ ನನ್ನಿಂದ ಆಗದಿಲ್ಲ. ನಾನು ನರ್ಸು ಅನ್ನದು ನಿಜ ಆದ್ರ ಇವತ್ತೇ ನಿಜ. ಅವ್ರು ಬದ್ಕಿರುವಾಗ್ಲೇ ನಿಜ. ಇವತ್ತು ಯೋಳಿ, ಇವತ್ತೇ ಬತ್ತೀನಿ. ಹುಣ್ಣು ವಾಸಿ ಮಾಡ್ಬುಟ್ಟೇ ಆಮೇಲೆ ಓಯ್ತೀನಿ."

ಡಾಕ್ಟರು ಕಾರಿನ ಕಡೆ ನೋಡಿದರು.

"ಆಗದಿಲ್ವಾ? ಹಂಗಾದ್ರ ನೀವೇ ತೊಳೀರಿ ಸಾ. ನೀವು ಡಾಕ್ಟ್ರು. ನಿಮ್ಮ ಹೆತ್ತವ್ವ. ಬಿಸ್ನೀರು ತಕಳಿ, ಬಾಗ್ಲು ಹಾಕ್ಕಳಿ, ತೊಳೀರಿ."

ಡಾಕ್ಟರು ಹಿಂದಿರುಗಿ ನಡೆದರು. ಕಾರು ಹೋದ ಮೇಲೆ ಬೀದಿಯ ಹೆಂಗಸರು ಬೈದರು. ಎಂಥಾ ಕಲ್ಲೆದೆ ನಿಂದು ಎಂದರು. ಅವಳು ಒಳಗೆ ಹೋಗಿ, ಚಾಪೆಯ ಮೇಲೆ ಮಗ್ಗುಲಾಗಿ, ಮುದುಕಿಗಾಗಿ ಅತ್ತಳು. ಆದರೆ ಹೋಗಲಿಲ್ಲ.

ಆಮೇಲೆ ಹನೂರಿನ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯ ಡ್ಯೂಟಿ ದೊಡ್ಡದು, ಸಂಬಳ ಚಿಕ್ಕದು. ಸೇರುವ ಮೊದಲೇ ಅಲ್ಲಿಯ ಡಾಕ್ಟರಮ್ಮನಿಗೆ ಹೇಳಿದ್ದಳು: "ನರ್ಸು ಅಂದ್ರ ಸೇರ್ತೀನಿ, ಆಯಾ ಅಂದ್ರ ಸೇರದಿಲ್ಲ." ಡಾಕ್ಟರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ ನಕ್ಕು, "ನರ್ಸಿಂಗ್ ಓದಿದೋಳ್ನ ಇನ್ನೇನಂತಾರಮ್ಮ?" ಎಂದಿದ್ದರು.

ಶಿವರಂಜನಿ ವಿಮಾನ ಹತ್ತಿದ್ದು ಅವಳಿಗೆ ಫೋನಿನ ಸ್ಟೇಟಸ್‌ನಲ್ಲಿ ಗೊತ್ತಾಯಿತು. ಹಿಮದ ಫೋಟೊ. ಕೆಂಪು ಕೋಟಿನ ಫೋಟೊ. ಟ್ರಾಮಿನ ಕಿಟಕಿಯ ಫೋಟೊ. ಕೆಂಪಾಜಮ್ಮ ಒಂದನ್ನೂ ಬಿಡದೆ ನೋಡಿದಳು. ಬೆರಳಲ್ಲಿ ಎಳೆದು ದೊಡ್ಡದು ಮಾಡಿ ನೋಡಿದಳು. ನೋಡಬಾರದು ಎಂದುಕೊಂಡ ದಿನವೂ ನೋಡಿದಳು. ತಾನು ನೋಡಿದ್ದು ಶಿವರಂಜನಿಗೆ ಗೊತ್ತಾಗುತ್ತದೆ ಎಂದು ತಿಳಿದೂ ನೋಡಿದಳು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಫೋನು ಬಂತು. ಪರದೇಶದ ನಂಬರು.

"ಕೆಂಪಾಜಿ, ನಾನು ಕಣೆ." ಅಳುವ ದನಿ.

ಕೆಂಪಾಜಮ್ಮ ತುತ್ತನ್ನು ತಟ್ಟೆಗೇ ಬಿಟ್ಟಳು. "ಯೋಳು."

"ಇಲ್ಲಿ ಆಗ್ತಿಲ್ಲ ಕಣೆ ನಂಗೆ. ಬೆಳಿಗ್ಗೆ ಹೋದ್ರೆ ಒಬ್ಬರಾದ ಮೇಲೊಬ್ಬರು. ದಪ್ಪ ದಪ್ಪ ಮುದುಕರು. ಎತ್ತಿ ಎತ್ತಿ ಸೊಂಟ ಬಿದ್ದೋಗಿದೆ. ಉಚ್ಚೆ, ಹೇಲು, ಅದೇ ಕೆಲಸ. ಒಬ್ಬ ಮುದುಕ ನನ್ನ ಕೈ ಮೈಗೆ ತಾಗಿದ್ರೆ ಬಡೀತಾನೆ. ಕರೀ ಕೈ ಅಂತಾನೆ. ಮನೇಲಿ ಹೇಳೋ ಹಾಗಿಲ್ಲ. ಮಾವನಿಗೆ ಹೇಳಿದ್ರೆ ಮರ್ಯಾದೆ ಅಂತಾರೆ. ನಿಂಗೆ ಹೇಳದೆ ಇನ್ಯಾರಿಗೆ ಹೇಳಲಿ? ನೀನೇ ಪುಣ್ಯವಂತೆ ಕಣೆ, ಊರಲ್ಲೇ ಇದೀಯ."

ಕೆಂಪಾಜಮ್ಮ ಕೇಳಿಸಿಕೊಂಡಳು. ಇಂಥ ಮಾತು ಕೇಳಿದರೆ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಕರೀ ಕೈ ಎಂಬ ಮಾತು ಅವಳಿಗೂ ನೆಟ್ಟಿತು. ಆದರೂ ಕಿಚ್ಚು ಆರಲಿಲ್ಲ.

"ಅವ್ನು ಬಡ್ದಾಗ ಏನ್ ಮಾಡ್ದೆ?"

"ಹೆಡ್ ನರ್ಸಿಗೆ ಹೇಳ್ದೆ. ಅವರು ಹೋಗಿ ಅವನಿಗೆ ಬೈದ್ರು. ನಮ್ಮ ನರ್ಸಿನ ಮೇಲೆ ಕೈ ಮಾಡಬೇಡ ಅಂದ್ರು."

"ನಮ್ಮ ನರ್ಸು ಅಂದ್ರಾ?"

"ಹೂಂ."

ಕೆಂಪಾಜಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಕೇಳು ಶಿವರಂಜನಿ. ನಿಂಗ ಆ ಹೇಲು ಕಂಡ್ರ ಅಳು ಬತ್ತದ. ನಂಗ ಆ ಹೇಲಿನ ಮೇಲೂ ಹೊಟ್ಟೆಕಿಚ್ಚು ಬತ್ತದ. ಅದ ಬಾಚ್ದೋಳ್ನ ನರ್ಸು ಅಂದ್ರಲ್ಲ, ಅದಕ್ಕ. ನಾನೂ ಅದ್ನೇ ಬಾಚ್ದೆ."

ಆ ಕಡೆಯಿಂದ ಮೂಗೆಳೆಯುವ ಸದ್ದು ಮಾತ್ರ.

"ಅಲ್ಲಿ ಇನ್ನೂ ಜನ ಬೇಕಾ?"

"ಬೇಕಂತೆ. ದಿನಾ ಕೇಳ್ತಾರೆ, ಊರಲ್ಲಿ ಯಾರಾದ್ರೂ ಇದ್ದಾರಾ ಅಂತ."

"ನೀನ್ ಏನಂದೆ?"

ಶಿವರಂಜನಿ ದನಿ ತಗ್ಗಿಸಿ, "ಮಾವನಿಗೆ ಗೊತ್ತಾದ್ರೆ..." ಎಂದಳು.

"ನಿಮ್ಮಾವ ಇಲ್ಲಿ ಅವ್ನೆ. ಅಲ್ಲಿಲ್ಲ. ಅಲ್ಲಿರದು ನೀನು. ಆ ಮೂರ್ ವರ್ಷ ಯಾರ್ದು ಅಂತ ನಿಂಗೊತ್ತು. ಈಗ್ಲೇ ಯೋಳು ಅವ್ರ್ಗ. ನಾನು ಕೇಳ್ಕೊಂಡಿರ್ತೀನಿ."

"ಈಗಲೇನಾ? ಡ್ಯೂಟಿ ಕಣೆ. ಬೆಲ್ ಹೊಡೀತಿದಾರೆ."

"ಯೋಳೋಗಂಟ ನಾನು ಫೋನ್ ಇಡದಿಲ್ಲ. ಅಳಕ ನಾನ್ ಬೇಕು, ಹೆಸ್ರು ಯೋಳಕ ಬ್ಯಾಡ್ವಾ?"

ಅತ್ತ ಬಾಗಿಲು ತೆಗೆದ ಸದ್ದಾಯಿತು. ನಡೆಯುವ ಸದ್ದು. ಗಾಡಿ ತಳ್ಳುವ ಸದ್ದು. ಯಾರೋ ಹೆಂಗಸು ಏನೋ ಕೇಳಿದಳು. ಶಿವರಂಜನಿ ಆ ಭಾಷೆಯಲ್ಲಿ ತಡೆದು ತಡೆದು ಮಾತಾಡಿದಳು. ಮಧ್ಯೆ ಅತ್ತಳು. ಮತ್ತೆ ಮಾತಾಡಿದಳು. ಇತ್ತ ಹನೂರಿನಲ್ಲಿ ಹೆರಿಗೆ ವಾರ್ಡಿನಿಂದ ಹಸುಗೂಸು ಅಳುತ್ತಿತ್ತು. ಕೆಂಪಾಜಮ್ಮ ಒಂದು ಕಿವಿಯನ್ನು ಎಡಗೈಯಲ್ಲಿ ಮುಚ್ಚಿ, ಇನ್ನೊಂದಕ್ಕೆ ಫೋನನ್ನು ಒತ್ತಿ ಹಿಡಿದಳು. ಆ ಮಾತಿನಲ್ಲಿ ಅವಳಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ತಿಳಿದದ್ದು ಒಂದೇ. ತನ್ನ ಹೆಸರು. ಯಾರೂ ನಡುವೆ ಮಡಚಲಿಲ್ಲ. ಕೊನೆಯವರೆಗೂ ಬಂತು.

"ಹೇಳ್ದೆ ಕಣೆ," ಎಂದಳು ಶಿವರಂಜನಿ. "ನಿನ್ನ ನಂಬರ್ ಬರ್ಕೊಂಡ್ರು. ಸಮಾಧಾನ ಆಯ್ತಾ ಈಗ?"

ಆಗಿರಲಿಲ್ಲ.

"ಇನ್ನೊಂದ್ಸಲ ಯೋಳು," ಎಂದಳು ಕೆಂಪಾಜಮ್ಮ.